ದಡಕ್ಕೆ ಬಂದ ಮೇಲೆ ಹೇಳು

ಮಾರ್ಚ್ 4

ಪ್ರೀತಿಯ ತಮ್ಮನಿಗೆ,

ಫೋನಿನಲ್ಲಿ ನೀನು ಹೂಂ, ಹೂಂ ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ನಾಲ್ಕು ಸಾಲಾದರೂ ಬರೆಯಬೇಕಾಗುತ್ತದೆ. ಹಾಗಾಗಿ ಪೆನ್ನು ಹಿಡಿದಿದ್ದೇನೆ, ಬೈದುಕೋ.

ನಮ್ಮ ಈಜುಕೊಳವನ್ನು ಮುಚ್ಚುತ್ತಾರಂತೆ. ಕೊಳ ಮಾತ್ರವಲ್ಲ, ಪಕ್ಕದ ಆಟದ ಮೈದಾನವನ್ನೂ ಸೇರಿಸಿ ಅಲ್ಲಿ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟುವುದು ನಗರಸಭೆಯ ಯೋಚನೆ. ಬೆಳಿಗ್ಗೆ ನೀರಿಗೆ ಔಷಧಿ ಹಾಕಿ, ಬಿದ್ದ ಎಲೆಗಳನ್ನು ಬಲೆಯಲ್ಲಿ ಎತ್ತಿ ಬರುವಷ್ಟರಲ್ಲಿ ಗೇಟಿಗೆ ನೋಟೀಸು ಅಂಟಿಸಿಯಾಗಿತ್ತು. ಇಷ್ಟು ವರ್ಷ ಈ ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದವಳಿಗೆ ಒಂದು ಮಾತು ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಓದಿ ಮೈಯೆಲ್ಲ ಉರಿದುಹೋಯಿತು.

ಊರಿನವರ ಅಭಿಪ್ರಾಯ ಕೇಳಲು ಶಾಲೆಯ ಸಭಾಂಗಣದಲ್ಲಿ ಎರಡು ಸಭೆ ಇಟ್ಟಿದ್ದಾರೆ. ಮೊದಲನೆಯದರಲ್ಲಿ ಮಾತು, ಎರಡನೆಯದರಲ್ಲಿ ತೀರ್ಮಾನ. ಬರಲಾಗದವರು ಬರೆದು ಕಳಿಸಿದರೆ ಅದನ್ನೂ ಓದುತ್ತಾರೆ. ನೀನು ಬರೆದು ಕಳಿಸಬೇಕು. ಅಮ್ಮ ಹೋದ ಮೇಲೆ ನಿನ್ನನ್ನು ಎಲ್ಲಿ ಬಿಡುವುದೆಂದು ತಿಳಿಯದೆ ದಡದಲ್ಲಿ ಟವೆಲು ಹಾಸಿ ಕೂರಿಸಿ ಬೇರೆ ಮಕ್ಕಳಿಗೆ ಕಲಿಸುತ್ತಿದ್ದೆನಲ್ಲ, ಅದನ್ನೆಲ್ಲ ಬರೆ. ನಿನಗೆ ಬರೆಯಲು ಬರುತ್ತದೆ. ನನ್ನದು ಸೀಟಿ ಊದುವ ಬಾಯಿ.

ಅಷ್ಟಕ್ಕೂ ಆ ಮನೆಗಳು ಯಾರಿಗೆ? ಎಲ್ಲಿಂದಲೋ ಯಾರೋ ಬಂದು ಸೇರಿಕೊಳ್ಳುವುದಕ್ಕೆ. ನಿನಗೇನು, ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಗಾಳಿ ಕುಡಿಯುತ್ತಾ ಕೂತಿರುತ್ತೀಯ. ಕೊಳ ಹೋದರೆ ನನಗೆ ಕೆಲಸವೂ ಹೋಯಿತು, ಪಂಪ್‌ಹೌಸಿನ ಮೇಲಿನ ಈ ಕೋಣೆಯೂ ಹೋಯಿತು. ಕೆಳಗೆ ಪಂಪಿನ ಗುರುಗುರು ಇಲ್ಲದಿದ್ದರೆ ನನಗೆ ನಿದ್ದೆಯೇ ಹತ್ತುವುದಿಲ್ಲ, ನಿನಗೇ ಗೊತ್ತು.

ಬೇಸಿಗೆ ರಜೆಗೆ ಪುಟ್ಟಿಯನ್ನು ಕಳಿಸು. ಆರು ತುಂಬಿದರೂ ನನ್ನ ಸೋದರ ಸೊಸೆ ನೀರಿಗೇ ಇಳಿದಿಲ್ಲ ಎಂದರೆ ನಾನು ತಲೆ ಎತ್ತಿಕೊಂಡು ಓಡಾಡುವುದು ಹೇಗೆ?

ನಿನ್ನ ನಾಲ್ಕು ಸಾಲಿಗೆ ಕಾಯುವ,
ಅಕ್ಕ


ಮಾರ್ಚ್ 19

ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು. ಲ್ಯಾಬಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಈ ನಗರದ ಮುದುಕರೆಲ್ಲ ಒಟ್ಟಿಗೇ ಹಲ್ಲು ಕಟ್ಟಿಸಿಕೊಳ್ಳಲು ಮಾತಾಡಿಕೊಂಡಂತಿದೆ. ದಿನವಿಡೀ ಮೇಣದಲ್ಲಿ ಹಲ್ಲು ಕೂರಿಸಿ ಕೂರಿಸಿ, ಈಗ ಬಸ್ಸಿನಲ್ಲಿ ಎದುರಿಗೆ ಯಾರು ಕೂತರೂ ಅವರ ಬಾಯಿಯನ್ನೇ ನೋಡುತ್ತೇನೆ. "ಯಾವತ್ತಾದ್ರೂ ಒಂದಿನ ಯಾರೋ ಹೊಡೀತಾರೆ, ಆಗ ನಿಮ್ಮ ಹಲ್ಲು ನೀವೇ ಮಾಡ್ಕೊಳ್ಳಿ" ಎನ್ನುತ್ತಾಳೆ ನಿನ್ನ ನಾದಿನಿ.

ಕೊಳದ ಸುದ್ದಿ ಓದಿ ಬೇಸರವಾಯಿತು. ಆ ಮನೆಗಳ ವಿಚಾರ ನಾನೂ ಸ್ವಲ್ಪ ಓದಿದೆ. ಅಲ್ಲಿ ಹುಟ್ಟಿ ಬೆಳೆದು ಕೆಲಸಕ್ಕೆಂದು ಹೊರಗೆ ಹೋದವರೂ ಅರ್ಜಿ ಹಾಕಬಹುದಂತಲ್ಲ? ಹಾಗಿದ್ದ ಮೇಲೆ ಎಲ್ಲರೂ ಎಲ್ಲಿಂದಲೋ ಬಂದವರೇ ಆಗಬೇಕೆಂದಿಲ್ಲ. ಮೈದಾನದ ಕಡೆ ಮಾತ್ರ ಕಟ್ಟಿ, ಕೊಳ ಉಳಿಸುವುದಕ್ಕೆ ಆಗುವುದಿಲ್ಲವಾ? ಸುಮ್ಮನೆ ಕೇಳಿದೆ. ಅಲ್ಲಿರುವವಳು ನೀನು, ನಿನಗೆ ಹೆಚ್ಚು ಗೊತ್ತು.

ಬರೆದು ಕಳಿಸುತ್ತೇನೆ. ಸ್ವಲ್ಪ ದಿನ ಕೊಡು.

ಪುಟ್ಟಿ ಮಧ್ಯಾಹ್ನದ ನಿದ್ದೆಯಲ್ಲಿದ್ದಾಳೆ. ಪಾತ್ರೆ ಸದ್ದಾದರೆ ಎದ್ದುಬಿಡುತ್ತಾಳೆಂದು ಇವಳು ಅಡುಗೆಯನ್ನೇ ಮುಂದಕ್ಕೆ ಹಾಕಿದ್ದಾಳೆ. ನಾವೆಲ್ಲ ಚೆನ್ನಾಗಿದ್ದೇವೆ. ಬಾಲ್ಕನಿಯೂ ಚೆನ್ನಾಗಿದೆ, ಬಟ್ಟೆ ಬೇಗ ಒಣಗುತ್ತದೆ.

ತಮ್ಮ


ಏಪ್ರಿಲ್ 2

ತಮ್ಮನಿಗೆ,

ಮಗು ಮಲಗಿದೆಯೆಂದು ಅಡುಗೆ ನಿಲ್ಲಿಸುತ್ತಾರೆಯೇ? ಅಡುಗೆಮನೆ ಬಾಗಿಲು ಹಾಕಿಕೊಂಡರೆ ಆಯಿತಪ್ಪ. ಹೀಗೆ ಮುದ್ದು ಮಾಡಿ ಆ ಹುಡುಗಿಯನ್ನು ತಲೆ ಮೇಲೆ ಕೂರಿಸಿಕೊಂಡಿದ್ದೀರಿ. ಇಲ್ಲಿಗೆ ಕಳಿಸು, ನನ್ನ ಪಂಪಿನ ಸದ್ದಿನಲ್ಲಿ ಮಲಗುವುದನ್ನು ಕಲಿಸುತ್ತೇನೆ.

ಮೊನ್ನೆ ಮೊದಲ ಸಭೆ ಆಯಿತು. ನಗರಸಭೆಯ ಎಂಜಿನಿಯರ್ ಗೋಡೆಗೆ ನಕ್ಷೆ ಅಂಟಿಸಿದ್ದ. ನಮ್ಮ ಕೊಳ ಇದ್ದ ಜಾಗದಲ್ಲಿ ಸಣ್ಣ ಸಣ್ಣ ಚೌಕಗಳು. ನಮ್ಮ ಪರವಾಗಿ ಮೊದಲು ಎದ್ದು ಮಾತಾಡಿದವರು ನಿವೃತ್ತ ಪೋಸ್ಟ್ ಮಾಸ್ಟರ್. ಅವರು ಒಂದು ದಿನವೂ ಕೊಳದಲ್ಲಿ ಕಾಲು ಅದ್ದಿದವರಲ್ಲ. "ನಾನು ಈಜಲ್ಲ. ಆದ್ರೆ ಕಿಟಕಿ ತೆಗೆದ್ರೆ ನೀರು ಕಾಣ್ಬೇಕು, ಯಾರದ್ದೋ ಒಗೆದ ಬಟ್ಟೆ ಕಾಣ್ಬಾರ್ದು" ಎಂದರು. ಕೇಳಿ ನನಗೆ ಸ್ವಲ್ಪ ಇರುಸುಮುರುಸಾಯಿತು. ಆದರೂ ನಮ್ಮ ಕಡೆಯವರಲ್ಲವೇ, ಚಪ್ಪಾಳೆ ತಟ್ಟಿದೆ.

ಆಮೇಲೆ ಬೇಕರಿಯವಳು ಎದ್ದಳು. ನಾವೆಲ್ಲ ಬ್ರೆಡ್ಡಮ್ಮ ಎನ್ನುತ್ತಿದ್ದೆವಲ್ಲ, ಅವಳೇ. "ನನ್ನ ಮಗ ಸೊಸೆ ಹಿಟ್ಟಿನ ಮೂಟೆ ಪಕ್ಕ ಮಲಗ್ತಾರೆ. ನಾಳೆ ಮಗು ಆದ್ರೆ ತೊಟ್ಟಿಲು ಒಲೆ ಮೇಲಿಡ್ಲಾ? ಈಜೋದು ಆಮೇಲೆ ನೋಡೋಣ, ಮೊದ್ಲು ಮಲಗೋಕೆ ಜಾಗ ಕೊಡಿ" ಎಂದಳು. ನಾನು ಬಿಡುತ್ತೇನೆಯೇ? "ಒಲೆ ಪಕ್ಕ ಬೆಚ್ಚಗಿರುತ್ತಲ್ಲಮ್ಮ, ನಮ್ಮ ನೀರು ತಣ್ಣಗಿದೆ, ಅದಲು ಬದಲು ಮಾಡ್ಕೊಳ್ಳೋಣ ಬಾ" ಎಂದೆ. ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. ಅವಳು ಇನ್ನೇನೋ ಹೇಳಲು ಬಾಯಿ ತೆರೆದವಳು ಹಾಗೇ ಕೂತುಬಿಟ್ಟಳು.

ಎಂಜಿನಿಯರ್ ನಿನ್ನ ಕಾಗದ ಕದ್ದು ಓದಿದವನ ಹಾಗೆ, "ಸರಿ, ಮೈದಾನದಲ್ಲಿ ಮಾತ್ರ ಕಟ್ತೀವಿ, ಕೊಳ ಇರ್ಲಿ. ಮನೆ ಅರ್ಧಕ್ಕರ್ಧ ಕಮ್ಮಿ ಆಗುತ್ತೆ, ಏನ್ಮಾಡೋದು" ಎಂದ. ಕೆಲವರು ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. ಇವತ್ತು ಮೈದಾನ ಕೊಟ್ಟರೆ ನಾಳೆ ಕೊಳ ಕೇಳುತ್ತಾರೆ. ಕೊರಳಲ್ಲಿದ್ದ ಸೀಟಿ ತೆಗೆದು ಜೋರಾಗಿ ಊದಿಬಿಟ್ಟೆ. ನನ್ನ ಕೈಯಲ್ಲಿ ಈಜು ಕಲಿತವರೇ ಅಲ್ಲಿ ಮುಕ್ಕಾಲು ಪಾಲು, ಅಭ್ಯಾಸಬಲ, ಎಲ್ಲರೂ ಬಾಯಿ ಮುಚ್ಚಿ ಸೆಟೆದು ಕೂತರು. ಅರ್ಧರ್ಧದ ಮಾತು ಅಲ್ಲಿಗೇ ನಿಂತಿತು.

ಸಭೆ ಮುಗಿದ ಮೇಲೆ ಆ ಎಂಜಿನಿಯರ್ ನನ್ನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ಅದು ಬಿಡು, ದೊಡ್ಡ ವಿಷಯವಲ್ಲ.

ನಿನ್ನ ಕಾಗದ ಎಲ್ಲಿ? ನೀನು ಮೊದಲಿನಿಂದಲೂ ಮೆತ್ತಗಿನವನು, ಎರಡೂ ಕಡೆಯವರಿಗೆ ಪಾಪ ಎನ್ನುವವನು. ಈಗ ಅದಕ್ಕೆಲ್ಲ ಸಮಯವಲ್ಲ. ಬೇಗ ಬರೆ.

ಅಕ್ಕ


ಏಪ್ರಿಲ್ 13

ಅಕ್ಕನಿಗೆ,

ನೀನು ಕೇಳಿದ್ದನ್ನು ಬರೆದು ಇದರ ಜೊತೆ ಇಟ್ಟಿದ್ದೇನೆ. ಹಲವು ಸಲ ಬರೆದು ಹರಿದು, ಕೊನೆಗೆ ಇದು ಉಳಿಯಿತು. ಬರೆಯುವಾಗ, ಕೊಳ ಹೋದರೆ ನಿನ್ನ ಗತಿ ಏನು ಎನ್ನುವುದೊಂದನ್ನೇ ಯೋಚಿಸಿದೆ. ಬೇರೆ ಯಾವುದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಒಂದು ಮಾತು. ಬ್ರೆಡ್ಡಮ್ಮನನ್ನು ನೋಡಿ ಇನ್ನು ನಗಬೇಡ. ಚಿಕ್ಕವನಿದ್ದಾಗ ನನಗೆ ಮುರಿದ ಬನ್ನುಗಳನ್ನು ಸುಮ್ಮನೆ ಕೊಡುತ್ತಿದ್ದಳು.

ತಮ್ಮ

(ಜೊತೆಗಿದ್ದ ಹಾಳೆ)

ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ನಾನು ಈಜುಕೊಳದ ಅಕ್ಕನ ತಮ್ಮ. ನಿಮ್ಮಲ್ಲಿ ಹಲವರು ನನ್ನನ್ನು ಟವೆಲಿನ ಮೇಲೆ ಕೂತ ಹುಡುಗನಾಗಿ ನೋಡಿದ್ದೀರಿ.

ನನಗೆ ನೀರೆಂದರೆ ವಿಪರೀತ ಹೆದರಿಕೆಯಿತ್ತು. ಅಕ್ಕ ನನ್ನನ್ನು ನೀರಿನ ಮೇಲೆ ಅಂಗಾತ ಮಲಗಿಸಿ, ಬೆನ್ನ ಕೆಳಗೆ ಅಂಗೈ ಇಟ್ಟು, ಆಕಾಶ ನೋಡು ಎನ್ನುತ್ತಿದ್ದಳು. ನಾನು ಅಯ್ಯೋ ಎಂದು ಕೂಗಿದರೆ ಬಾಯಿಗೆ ನೀರು ನುಗ್ಗುತ್ತಿತ್ತು. ಆಗ ಗೋಡೆಯ ಕಡೆ ಕೈ ತೋರಿಸುತ್ತಿದ್ದಳು. ನೀರಲ್ಲಿ ಮಾತು ಬೇಡ, ದಡಕ್ಕೆ ಬಂದ ಮೇಲೆ ಹೇಳು ಎಂದು ಅಲ್ಲಿ ಅವಳೇ ದೊಡ್ಡದಾಗಿ ಬರೆದಿದ್ದಾಳೆ. ನಾವೆಲ್ಲ ಹೆದರಿಕೆಯನ್ನು ನುಂಗಿಕೊಂಡು ಈಜಿ, ದಡ ಹತ್ತಿದ ಮೇಲೆ ಅಳುತ್ತಿದ್ದೆವು. ದಡ ಹತ್ತಿದ ಮೇಲೆ ಅಳುವುದಕ್ಕೆ ಸಾಮಾನ್ಯವಾಗಿ ಏನೂ ಉಳಿದಿರುತ್ತಿರಲಿಲ್ಲ.

ಈಗ ದೂರದಲ್ಲಿದ್ದೇನೆ. ಬಿಗಿಯಾದ ದಿನಗಳಲ್ಲಿ ಕಣ್ಣು ಮುಚ್ಚಿದರೆ ಆ ನೀರು, ಬೆನ್ನ ಕೆಳಗೆ ಆ ಅಂಗೈ. ಇಂಥದ್ದೊಂದು ಜಾಗ ಇಟ್ಟುಕೊಂಡಿರುವ ಊರು ಅದನ್ನು ಕಳೆದುಕೊಳ್ಳಬಾರದು. ದಯವಿಟ್ಟು ಕೊಳವನ್ನು ಮುಚ್ಚಬೇಡಿ.


ಏಪ್ರಿಲ್ 27

ನನ್ನ ಮುದ್ದು ತಮ್ಮನಿಗೆ,

ಗೆದ್ದೆವು. ಕೊಳವೂ ಉಳಿಯಿತು, ಮೈದಾನವೂ ಉಳಿಯಿತು. ಯೋಜನೆ ಕೈಬಿಟ್ಟರು.

ಗೆಲ್ಲಿಸಿದ್ದು ನಾನಲ್ಲ, ನೀನು. ಅರ್ಧ ಓದಿ, ಮುಂದೆ ಓದಲಾಗದೆ ಹಾಳೆಯನ್ನು ಪಕ್ಕಕ್ಕೆ ಕೊಟ್ಟುಬಿಟ್ಟೆ. ಉಳಿದದ್ದನ್ನು ಪೋಸ್ಟ್ ಮಾಸ್ಟರ್ ಓದಿದರು. ಅವರೂ ಕನ್ನಡಕ ತೆಗೆದು ಒರೆಸಿಕೊಂಡರು. ಅಂಗೈಯ ಮಾತು ಬಂದಾಗ ಎಂಜಿನಿಯರ್ ಕೂಡ ತಲೆ ತಗ್ಗಿಸಿ ಕೂತಿದ್ದ. ಕೈ ಎತ್ತಿ ಎಂದಾಗ ಕಾಡೇ ಎದ್ದು ನಿಂತ ಹಾಗೆ ಕೈಗಳು ಮೇಲೆದ್ದವು. ಮನೆ ಬೇಕೆಂದವರು ಹಿಂದಿನ ಬೆಂಚಿನಲ್ಲಿ ಒಂದು ಮೂಲೆಯಾಗಿ ಉಳಿದರು.

ಹೊರಗೆ ಬರುವಾಗ ಬ್ರೆಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು. ನಿನ್ನ ಮಾತಿಗೆ ಬೆಲೆ ಕೊಟ್ಟು ನಾನು ನಗಲಿಲ್ಲ. "ನಿಮ್ಮ ತಮ್ಮ ಚೆನ್ನಾಗಿ ಬರೀತಾನೆ. ಅವನಿಗೆ ಮನೆ ಇದೆ ಅಲ್ವಾ?" ಎಂದಳು. "ಇಲ್ದೆ ಏನು? ಬಾಲ್ಕನಿ ಇರೋ ಮನೆ" ಎಂದೆ. ಎಷ್ಟು ಜಂಬದಿಂದ ಹೇಳಿದೆ ಗೊತ್ತಾ?

ಪುಟ್ಟಿಗೆ ಹಳದಿ ಬಣ್ಣದ ಈಜುಡುಗೆ ತಂದಿಟ್ಟಿದ್ದೇನೆ. ಯಾವಾಗ ಕಳಿಸುತ್ತೀಯ?

ಹಿಗ್ಗಿ ಹೀರೇಕಾಯಿಯಾಗಿರುವ,
ಅಕ್ಕ


ಮೇ 20

ಅಕ್ಕನಿಗೆ,

ಕೊಳ ಉಳಿದದ್ದು ಸಂತೋಷ. ಉತ್ತರ ತಡವಾದುದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಈ ರಜೆಗೆ ಪುಟ್ಟಿಯನ್ನು ಕಳಿಸಲಾಗುವುದಿಲ್ಲ. ಮುಂದಿನ ತಿಂಗಳು ಮನೆ ಬದಲಾಯಿಸುತ್ತಿದ್ದೇವೆ. ನಗರದಿಂದ ಇನ್ನಷ್ಟು ಹೊರಗೆ, ಗದ್ದಲ ಕಡಿಮೆ. ಪುಟ್ಟಿಗೂ ಬೇರೆ ಶಾಲೆ. ವಿಳಾಸ ಆಮೇಲೆ ಬರೆಯುತ್ತೇನೆ. ಸಾಮಾನು ಹರಡಿಕೊಂಡಿದೆ, ನೀನು ಬರುವ ಶ್ರಮ ತೆಗೆದುಕೊಳ್ಳಬೇಡ.

ತಮ್ಮ


ಜೂನ್ 3

ತಮ್ಮನಿಗೆ,

ಬರಬೇಡ ಎಂದರೆ ಬರದೇ ಇರುವವಳೇ ನಾನು? ನಿನ್ನೆ ನಿಮ್ಮ ಮನೆಗೆ ಬಂದಿದ್ದೆ. ನೀನು ಲ್ಯಾಬಿನಲ್ಲಿದ್ದೆ. ನಿನ್ನ ಹೆಂಡತಿ ಹೇಳಿರುತ್ತಾಳೆ, ಅಥವಾ ಹೇಳಿರಲಿಕ್ಕಿಲ್ಲ. ಹೇಳಬೇಡ ಎಂದು ನಾನೇ ಬೇಡಿಕೊಂಡಿದ್ದೆ. ಆಮೇಲೆ ಬಸ್ಸಿನಲ್ಲಿ ಕೂತಾಗ, ಇನ್ನೆಷ್ಟು ಮುಚ್ಚಿಡುವುದು ಅನ್ನಿಸಿತು.

ಈಜುಡುಗೆಯ ಪೊಟ್ಟಣ ಹಿಡಿದು ಮೂರನೇ ಮಹಡಿ ಹತ್ತಿದೆ. ತೆರೆದಿದ್ದ ಬಾಗಿಲಲ್ಲಿ ಇಣುಕಿ, ಇದು ಯಾರದ್ದೋ ಕೆಲಸದವರ ಕೋಣೆ, ಮನೆ ಮುಂದಿರಬೇಕು ಎಂದು ದಾಟಿ ಹೋದೆ. ಮುಂದೆ ಗೋಡೆಯಿತ್ತು. ಹಿಂದಿನಿಂದ ಅವಳು "ಅಕ್ಕಾ, ಇಲ್ಲೇ" ಎಂದು ಕರೆದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಒಂದೇ ಕೋಣೆ. ಮಂಚದ ತಲೆಗೆ ಒಲೆ. ಮಗು ಮಲಗಿದರೆ ಅಡುಗೆ ಯಾಕೆ ನಿಲ್ಲುತ್ತದೆಂದು ಅಲ್ಲಿ ನಿಂತು ನೋಡಿದ ಮೇಲೆ ತಿಳಿಯಿತು. ಅಡುಗೆಮನೆ ಬಾಗಿಲು ಹಾಕಿಕೋ ಎಂದು ಉಪದೇಶ ಮಾಡಿದವಳು ನಾನು. ಬಾಲ್ಕನಿ ಕೇಳಿದೆ. ಪುಟ್ಟಿ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಆ ಮಹಡಿಯವರೆಲ್ಲ ಬಟ್ಟೆ ಒಣಹಾಕುವ, ನಲ್ಲಿಗೆ ಸಾಲು ನಿಲ್ಲುವ ಓಣಿ.

ಅವಳು ಈಜುಡುಗೆ ನೋಡಿ ಏನೆಂದಳು ಗೊತ್ತಾ? "ಅತ್ತೆ, ನಾವು ನಿಮ್ಮೂರಿಗೆ ಬರ್ಬೇಕಿತ್ತು. ನೀರಿನ ಪಕ್ಕದ ಮನೆಗೆ. ಅಪ್ಪ ಅರ್ಜಿ ಹಾಕಿದ್ರು. ಅಲ್ಲಿ ಅಪ್ಪಂಗೆ ಕೆಲಸಾನೂ ಸಿಕ್ಕಿತ್ತು. ಆದ್ರೆ ಮನೆ ಕಟ್ಟಲ್ವಂತೆ. ಯಾಕತ್ತೆ ಕಟ್ಟಲ್ಲ?"

ನಿನ್ನ ಹೆಂಡತಿ ಒಲೆಯ ಕಡೆ ತಿರುಗಿ ಟೀಗೆ ಇಟ್ಟಳು. ಒಂದು ಕೆಟ್ಟ ಮಾತೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು. "ನಿಮಗೆ ಹೇಳ್ಬಾರ್ದು ಅಂತ ಇತ್ತು ಅಕ್ಕ. ಬೀಗದ ಕೈ ಸಿಕ್ಕ ಮೇಲೆ ಒಟ್ಟಿಗೆ ಬಂದು ಹೇಳೋಣ ಅಂತಿದ್ರು" ಎಂದಳಷ್ಟೆ. ನೀನು ಬರುವ ಹೊತ್ತಾಯಿತೆಂದು ನಾನು ಕಳ್ಳಿಯ ಹಾಗೆ ಮೆಟ್ಟಿಲಿಳಿದು ಬಂದೆ.

ಬ್ರೆಡ್ಡಮ್ಮನನ್ನು ನೋಡಿ ನಕ್ಕಾಗ ನಾನು ನಿನ್ನನ್ನು ನೋಡಿ ನಕ್ಕಿದ್ದೆ. ಸೀಟಿ ಊದಿದ್ದು ನಿನ್ನ ಬಾಯಿ ಮುಚ್ಚಿಸಲು. ಯಾಕೋ ನೀನು ಹೇಳಲಿಲ್ಲ? ಒಂದೇ ಒಂದು ಸಾಲು ಬರೆದಿದ್ದರೆ ನಾನೇನು ಕಲ್ಲೇ? ನನಗೆ ನಿನ್ನ ಮೇಲೆ ಸಿಟ್ಟು ಬರುತ್ತಿದೆ. ನನ್ನ ಮೇಲೆ ಬಂದಿರುವುದನ್ನು ಬರೆಯಲು ಆಗುತ್ತಿಲ್ಲ.

ಅಕ್ಕ


ಜೂನ್ 15

ಅಕ್ಕನಿಗೆ,

ಇವಳು ಹೇಳಿರಲಿಲ್ಲ. ಪುಟ್ಟಿ ಹಳದಿ ಉಡುಗೆ ಹಾಕಿಕೊಂಡು ಮಂಚದ ಮೇಲೆ ಈಜುತ್ತಿದ್ದಳು, ಅದರಿಂದ ಗೊತ್ತಾಯಿತು.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನಾನು ನಿನ್ನ ಕೈಯಲ್ಲಿ ಬೆಳೆದವನು. ನೀರಲ್ಲಿರುವಾಗ ಕೂಗಬಾರದು, ದಡ ಸೇರಿ ಹೇಳಬೇಕು. ಇಲ್ಲಿಗೆ ಬಂದ ಮೊದಲ ವರ್ಷ ಕೋಣೆ ಚಿಕ್ಕದೆಂದು ಬರೆಯಲು ಕೂತೆ. ಮುಂದಿನ ವರ್ಷ ದೊಡ್ಡದು ಸಿಕ್ಕಮೇಲೆ ಬರೆದರಾಯಿತು ಎಂದು ಬಿಟ್ಟೆ. ಆಮೇಲೆ ಓಣಿಗೆ ಬಾಲ್ಕನಿ ಎಂದು ಹೆಸರಿಟ್ಟೆ. ದಡ ಹತ್ತಿರವೇ ಇದೆ ಎಂದುಕೊಂಡು ಇಷ್ಟು ವರ್ಷ ಹೋಯಿತು.

ಊರಿನಲ್ಲಿ ಮನೆ ಕಟ್ಟುವ ಸುದ್ದಿ ನಿನ್ನ ಕಾಗದ ಬರುವ ಮೊದಲೇ ನನಗೆ ಗೊತ್ತಿತ್ತು, ಆದರೆ ಕೊಳದ ಜಾಗದಲ್ಲೇ ಎಂದು ಗೊತ್ತಿರಲಿಲ್ಲ. ಅರ್ಜಿ ಹಾಕಿದ್ದೆ. ಅಲ್ಲಿನ ಹಲ್ಲಿನ ಡಾಕ್ಟರೊಬ್ಬರು ಕೆಲಸ ಕೊಡುತ್ತೇನೆಂದಿದ್ದರು. ನೀನು ಬರೆದ ಮೇಲೆ, ನನಗೆ ಮನೆ ಸಿಗುವುದು ನಿನ್ನ ಕೋಣೆ ಒಡೆದರೆ ಎಂದು ಅರ್ಥವಾಯಿತು. ನಿನ್ನ ತಲೆ ಮೇಲಿನ ಸೂರು ತೆಗೆದು ನನ್ನ ತಲೆ ಮೇಲೆ ಹಾಕಿಕೊಳ್ಳಲೇ? ಅದಕ್ಕೆ ಹಾಗೆ ಬರೆದೆ. ಬರೆದದ್ದರಲ್ಲಿ ಸುಳ್ಳಿಲ್ಲ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾವು ಚೆನ್ನಾಗಿದ್ದೇವೆ.

ತಮ್ಮ


ಆಗಸ್ಟ್ 9

ತಮ್ಮನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಮುಖವಿರಲಿಲ್ಲ.

ಅವತ್ತು ಎಂಜಿನಿಯರ್ ನನ್ನನ್ನು ಪಕ್ಕಕ್ಕೆ ಕರೆದು ಏನು ಹೇಳಿದ ಗೊತ್ತಾ? ಕೊಳ ಹೋದರೂ ನಿಮ್ಮ ಕೆಲಸ ಹೋಗಲ್ಲ, ಶಾಲೆಯಲ್ಲಿ ಆಟದ ಮೇಷ್ಟ್ರ ಕೆಲಸ ಕೊಡುತ್ತೇವೆ, ಆ ಮನೆಗಳಲ್ಲಿ ಮೊದಲನೆಯದು ನಿಮಗೇ ಎಂದ. ನಾನು ಬೇಡವೆಂದೆ. ನಿನಗೆ ಬರೆಯಲಿಲ್ಲ. ಬರೆದಿದ್ದರೆ ನೀನು ತಗೋ ಎನ್ನುತ್ತಿದ್ದೆ, ನನ್ನ ಹೋರಾಟ ಮೆತ್ತಗಾಗುತ್ತಿತ್ತು. ಎಲ್ಲ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ನೋಡು, ನಾನೂ ನೀರಿನಲ್ಲಿ ಬಾಯಿ ಮುಚ್ಚಿಕೊಂಡೇ ಇದ್ದೆ. ನೀನು ನನ್ನ ಸೂರು ಉಳಿಸಲು ನಿನ್ನ ಮನೆ ಬಿಟ್ಟುಕೊಟ್ಟೆ. ನನ್ನ ಸೂರಿಗೆ ಏನೂ ಆಗುತ್ತಿರಲಿಲ್ಲ. ಅಕ್ಕ ತಮ್ಮ ಇಬ್ಬರೂ ಅಕ್ಕಪಕ್ಕದ ಮನೆಯಲ್ಲಿ ಇರುತ್ತಿದ್ದೆವು.

ಬ್ರೆಡ್ಡಮ್ಮನ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಭುಜ ಹಿಡಿದು, "ಬಾ, ಕೇಳಿ ನೋಡೋಣ" ಎಂದಳು. ಇಬ್ಬರೂ ನಗರಸಭೆಗೆ ಹೋಗಿ, ಮೈದಾನದಲ್ಲಿ ಅರ್ಧ ಮನೆಯಾದರೂ ಕಟ್ಟಿ ಎಂದು ಕೈಮುಗಿದೆವು. "ನೀವೇ ಅಲ್ವಾ ಸೀಟಿ ಊದಿದ್ದು?" ಎಂದ ಎಂಜಿನಿಯರ್. ಯೋಜನೆ ಬೇರೆ ಊರಿಗೆ ಹೋಗಿಯಾಯಿತಂತೆ. ಹಿಂದಕ್ಕೆ ಬರುವುದಿಲ್ಲ. ಕಳೆದ ವಾರ ಅವಳ ಮಗ ಸೊಸೆಯೂ ಊರು ಬಿಟ್ಟರು.

ಕೊಳದಲ್ಲಿ ನೀರು ಕನ್ನಡಿಯಂತಿದೆ. ಒಡೆದ ಹೆಂಚುಗಳನ್ನೂ ಬದಲಾಯಿಸಿಕೊಟ್ಟಿದ್ದಾರೆ. ಆದರೆ ಮಕ್ಕಳು ಕಡಿಮೆಯಾಗಿದ್ದಾರೆ. ಬಾಡಿಗೆ ಕೊಡಲಾಗದೆ ಒಂದೊಂದೇ ಸಂಸಾರ ಹೋಗುತ್ತಿದೆ. ಮೊದಲು ನಾನು ಇದನ್ನು ಗಮನಿಸಿರಲೇ ಇಲ್ಲ. ಪೋಸ್ಟ್ ಮಾಸ್ಟರ್ ಮಾತ್ರ ದಿನಾ ಕಿಟಕಿ ತೆರೆದು ನೀರು ನೋಡುತ್ತಾರೆ.

ಗೋಡೆಯ ಮೇಲಿನ ಸಾಲಿಗೆ ಸುಣ್ಣ ಬಳಿದೆ. ಈಗ ಮಕ್ಕಳು ನೀರಿನಲ್ಲೇ ಕೂಗುತ್ತಾರೆ, ನೀರು ಕುಡಿದು ಕೆಮ್ಮುತ್ತಾರೆ. ಕೂಗಿದ ಕಡೆಗೆ ನಾನು ಹೋಗುತ್ತೇನೆ. ಹೀಗೂ ಕಲಿಯುತ್ತಾರೆ, ಸ್ವಲ್ಪ ನಿಧಾನ ಅಷ್ಟೆ.

ಚೆನ್ನಾಗಿದ್ದೇವೆ ಎಂದು ಇನ್ನು ನನಗೆ ಬರೆಯಬೇಡ. ಹೇಗಿದ್ದೀರೋ ಹಾಗೆ ಬರೆ. ಸಾಧ್ಯವಾದರೆ ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ.

ಅಕ್ಕ


ಸೆಪ್ಟೆಂಬರ್ 1

ಅಕ್ಕನಿಗೆ,

ಬಾಡಿಗೆ ಏರಿಸಿದರೆಂದು ಹಳೆಯ ಕೋಣೆ ಬಿಟ್ಟೆವು. ಹೊಸದು ಅದಕ್ಕಿಂತ ಚಿಕ್ಕದು. ಒಂದು ಗೋಡೆ ಯಾವಾಗಲೂ ಒದ್ದೆ. ಕೆಲಸಕ್ಕೆ ಎರಡು ಬಸ್ಸು ಬದಲಾಯಿಸಬೇಕು, ನಾನು ಮನೆಗೆ ಬರುವಷ್ಟರಲ್ಲಿ ಪುಟ್ಟಿ ಮಲಗಿರುತ್ತಾಳೆ. ಹೊಸ ಶಾಲೆಯಲ್ಲಿ ಅವಳಿಗಿನ್ನೂ ಯಾರೂ ಜೊತೆಯಾಗಿಲ್ಲ. ಹಳದಿ ಉಡುಗೆ ಬಿಗಿಯಾಗುತ್ತಾ ಬಂದಿದೆ.

ನಿನ್ನ ಮೇಲೆ ಸಿಟ್ಟು ಬಂದಿತ್ತು. ಇನ್ನೂ ಸ್ವಲ್ಪ ಇದೆ.

ಊರಿಗೆ ಬರಬೇಕೆಂದು ನನಗೆ ಬಹಳ ಆಸೆಯಿತ್ತು ಅಕ್ಕ.

ತಮ್ಮ